ಫುಟ್‌ಬಾಲ್ ಪುಂಡಾಟದ ಸಿನಿಮಾಗಳು: ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿದೆ?

ಫುಟ್‌ಬಾಲ್ ಪುಂಡರ ಕಥೆ ಹೇಳುವ ಸಿನಿಮಾ ನೋಡಲು ಕೂತಾಗ ಒಂದು ಲೆಕ್ಕ ಇಟ್ಟುಕೊಳ್ಳಿ. ಇಡೀ ಚಿತ್ರದಲ್ಲಿ ಚೆಂಡು ಎಷ್ಟು ಹೊತ್ತು ಕಣ್ಣಿಗೆ ಬೀಳುತ್ತದೆ? ಈ ಜಾತಿಯ ಚಿತ್ರಗಳಿಗೆಲ್ಲ ಮಾದರಿಯಾದದ್ದು ಅಲನ್ ಕ್ಲಾರ್ಕ್ ನಿರ್ದೇಶಿಸಿದ ‘ದಿ ಫರ್ಮ್’. ‘ಫರ್ಮ್’ ಅಂದರೆ ಅಲ್ಲಿನ ಮಾತಿನಲ್ಲಿ ಪುಂಡರ ಸಂಘಟಿತ ಗುಂಪು. ಬಿಬಿಸಿಗಾಗಿ ಮಾಡಿದ ಟಿವಿ ಚಿತ್ರ, 1989ರ ಫೆಬ್ರವರಿ 26ರಂದು ಪ್ರಸಾರವಾಯಿತು. ಸುಮಾರು 70 ನಿಮಿಷದ ಈ ಚಿತ್ರದಲ್ಲಿ ಆಟ ಅಂತ ಇರುವುದು ಶುರುವಿನಲ್ಲಿ ಗೆಳೆಯರು ತಮ್ಮತಮ್ಮಲ್ಲೇ ಆಡುವ ಒಂದು ಹವ್ಯಾಸಿ ಪಂದ್ಯ ಮಾತ್ರ. ತುಂಬಿದ ಕ್ರೀಡಾಂಗಣ ಇಲ್ಲ, ಗೋಲಿನ ಕೂಗಿಲ್ಲ, ಲೀಗ್ ಪಟ್ಟಿಯಲ್ಲಿ ಯಾರು ಎಲ್ಲಿದ್ದಾರೆ ಎಂಬ ಮಾತೂ ಇಲ್ಲ.

ಇದಕ್ಕೆ ಒಂದು ಕಾರಣ ಸರಳವಾದದ್ದು. ನಿಜವಾದ ಕ್ಲಬ್ಬಿನ ಹೆಸರು, ಲಾಂಛನ, ಮೈದಾನ ಬಳಸಲು ಅನುಮತಿ ಬೇಕು. ತಮ್ಮ ಅಭಿಮಾನಿಗಳು ಚಾಕು ಹಿಡಿದು ಓಡಾಡುವ ಕಥೆಗೆ ಯಾವ ಕ್ಲಬ್ಬು ತಾನೇ ಸಂತೋಷದಿಂದ ಬಾಗಿಲು ತೆರೆದೀತು? ಇಪ್ಪತ್ತು ಸಾವಿರ ಜನರ ಗ್ಯಾಲರಿ ತುಂಬಿಸುವ ದುಡ್ಡು ಟಿವಿ ಚಿತ್ರದ ಬಜೆಟ್ಟಿನಲ್ಲಿ ಇರುವುದಿಲ್ಲ. ಹಾಗಾಗಿ ಕ್ಲಾರ್ಕ್ ಚಿತ್ರದ ಗುಂಪಿನ ಹೆಸರು ಕಲ್ಪಿತ. 1995ರಲ್ಲಿ ಬಂದ ‘ಐ.ಡಿ.’ ಚಿತ್ರ ‘ಶ್ಯಾಡ್‌ವೆಲ್ ಟೌನ್’ ಎಂಬ ಇಲ್ಲದ ಕ್ಲಬ್ಬನ್ನೇ ಹುಟ್ಟುಹಾಕಿತು. ಆದರೆ ಕ್ಲಾರ್ಕ್ ವಿಷಯದಲ್ಲಿ ದುಡ್ಡಿನ ಕಾರಣವಷ್ಟೇ ಹೇಳಿದರೆ ಸಾಲದು. ಅವರ ನಾಯಕ ಬೆಕ್ಸ್‌ಗೆ ಆಟ ಬೇಕಾಗಿಯೇ ಇಲ್ಲ. ಅವನಿಗೆ ಬೇಕಿರುವುದು ಎದುರಾಳಿ ಗುಂಪು, ಅದರ ಮುಂದೆ ತಾನು ಮೇಲು ಎಂಬ ಮಾನ್ಯತೆ. ಗ್ಯಾರಿ ಓಲ್ಡ್‌ಮನ್ ಮಾಡಿದ ಈ ಬೆಕ್ಸ್ ನಿರುದ್ಯೋಗಿಯಲ್ಲ, ಕೊಳೆಗೇರಿಯವನಲ್ಲ. ಮನೆ ಮಾರಿಸಿಕೊಡುವ ಎಸ್ಟೇಟ್ ಏಜೆಂಟ್. ಕೋಟು, ಟೈ, ಸ್ವಂತ ಮನೆ, ಹೆಂಡತಿ, ಪುಟ್ಟ ಮಗ ಎಲ್ಲ ಇದೆ. ಆ ಕಾಲದ ಬ್ರಿಟನ್ನಿನಲ್ಲಿ ಪುಂಡಾಟ ಅಂದರೆ ಬಡತನದ, ಕೆಲಸವಿಲ್ಲದ ಹುಡುಗರ ಸಿಟ್ಟು ಎನ್ನುವ ವಾದ ಜೋರಾಗಿತ್ತು. ಲೀಸೆಸ್ಟರ್ ವಿಶ್ವವಿದ್ಯಾಲಯದ ಎರಿಕ್ ಡನ್ನಿಂಗ್ ಮತ್ತು ಸಂಗಡಿಗರ ಸಂಶೋಧನೆಯೂ ಹೆಚ್ಚಾಗಿ ದುಡಿಯುವ ವರ್ಗದ ಕೆಳಸ್ತರದ ಕಡೆಗೇ ಬೆರಳು ಮಾಡಿತ್ತು. ಕ್ಲಾರ್ಕ್ ಮತ್ತು ಚಿತ್ರಕಥೆ ಬರೆದ ಅಲ್ ಹಂಟರ್ ಅದಕ್ಕೆ ಎದುರಾಗಿ ಸಂಬಳ ತರುವ, ಸಾಲ ಕಟ್ಟುವ ಗಂಡಸನ್ನು ನಿಲ್ಲಿಸಿದರು. ಆಟವನ್ನು ತೆಗೆದುಹಾಕಿದ್ದರಿಂದ ಅವನಿಗೆ ‘ತಂಡದ ಮೇಲಿನ ಅಭಿಮಾನ’ ಎಂಬ ನೆಪವೂ ಉಳಿಯಲಿಲ್ಲ.

ಸಿನಿಮಾದ ಜೊತೆ ಹೋಲಿಸಿ ನೋಡಬೇಕಲ್ಲ, ಅದಕ್ಕಾಗಿ ಆ ಕಾಲದ ಒಂದು ಶನಿವಾರ ಹೇಗಿರುತ್ತಿತ್ತು ಎಂದು ಸ್ವಲ್ಪ ಹೇಳುತ್ತೇನೆ. ಪಂದ್ಯ ಮಧ್ಯಾಹ್ನ 3 ಗಂಟೆಗೆ. ಪರವೂರಿನ ಪಂದ್ಯಕ್ಕೆ ಅಭಿಮಾನಿಗಳು ಬೆಳಿಗ್ಗೆಯೇ ರೈಲು ಹತ್ತಬೇಕು. ಬ್ರಿಟಿಷ್ ರೈಲ್ ಅವರಿಗಾಗಿ ‘ಫುಟ್‌ಬಾಲ್ ಸ್ಪೆಷಲ್’ ರೈಲು ಓಡಿಸುತ್ತಿತ್ತು: ಹಳೆಯ ಬೋಗಿ, ಅಗ್ಗದ ಟಿಕೆಟ್, ಇಳಿಯುವಲ್ಲಿ ಕಾದು ನಿಂತ ಪೊಲೀಸರು. ಸಂಘಟಿತ ಗುಂಪುಗಳು ಈ ಸ್ಪೆಷಲ್ ಬಿಟ್ಟು ಎಲ್ಲರೂ ಹತ್ತುವ ಮಾಮೂಲಿ ‘ಸರ್ವಿಸ್’ ರೈಲು ಹತ್ತಿದವು, ಪೊಲೀಸರು ಕಾಯದ ಹೊತ್ತಿಗೆ ಊರು ತಲುಪಿದವು. ಗುಂಪುಗಳ ಹೆಸರುಗಳಲ್ಲಿ ಇವತ್ತಿಗೂ ಆ ರೈಲುಗಳಿವೆ. ವೆಸ್ಟ್ ಹ್ಯಾಮ್‌ನವರದು ‘ಇಂಟರ್ ಸಿಟಿ ಫರ್ಮ್’, ಲೀಡ್ಸ್‌ನವರದು ‘ಸರ್ವಿಸ್ ಕ್ರೂ’, ಪೋರ್ಟ್ಸ್‌ಮತ್‌ನವರದು ‘6.57 ಕ್ರೂ’. ಕೊನೆಯದು ಪೋರ್ಟ್ಸ್‌ಮತ್‌ನಿಂದ ಲಂಡನ್ನಿಗೆ ಹೊರಡುತ್ತಿದ್ದ ರೈಲಿನ ಸಮಯ. ಬಟ್ಟೆಯಲ್ಲೂ ಇದೇ ಲೆಕ್ಕಾಚಾರ. ಪೊಲೀಸರು ಸ್ಕಾರ್ಫ್ ನೋಡಿ, ಬೂಟು ನೋಡಿ ಹಿಡಿಯುತ್ತಿದ್ದರು. 1970ರ ದಶಕದ ಕೊನೆಗೆ ಇವರು ತಂಡದ ಬಣ್ಣ ಬಿಟ್ಟು ಇಟಲಿಯ ಸರ್ಜಿಯೊ ಟಕಿನಿ, ಫೀಲಾ, ಎಲ್ಲೆಸ್ ಟ್ರ್ಯಾಕ್‌ಸೂಟ್, ಅಡಿಡಾಸ್ ಶೂ ಹಾಕತೊಡಗಿದರು. ಯುರೋಪಿನ ಪಂದ್ಯಗಳಿಗೆ ಹೋಗಿಬರುತ್ತಿದ್ದ ಲಿವರ್‌ಪೂಲ್ ಹುಡುಗರು ಅಲ್ಲಿಂದ ತಂದ ಬಟ್ಟೆಗಳೂ ಈ ಶೈಲಿಗೆ ಕಾರಣ. ‘ಕ್ಯಾಶುಯಲ್ಸ್’ ಎಂಬ ಹೆಸರು ಬಂದದ್ದು ಇವರಿಗೇ.

ಊರು ತಲುಪಿದ ಮೇಲೆ? ಹೆಚ್ಚಿನ ಹೊತ್ತು ಕಾಯುವುದು. ಪಬ್ಬಿನಲ್ಲಿ ಕಾಯುವುದು, ಮೂಲೆಯಲ್ಲಿ ಕಾಯುವುದು, ಎದುರಾಳಿಗಳು ಎಲ್ಲಿದ್ದಾರೆ ಎಂದು ನೋಡಿಬರಲು ಕಳಿಸಿದ ಹುಡುಗ ವಾಪಸು ಬರಲಿ ಎಂದು ಕಾಯುವುದು. ನಿಲ್ದಾಣದಿಂದ ಮೈದಾನದವರೆಗೆ ಕುದುರೆ ಪೊಲೀಸರು, ನಾಯಿಗಳ ನಡುವೆ ಮೆರವಣಿಗೆಯಂತೆ ಕರೆದೊಯ್ಯುತ್ತಿದ್ದರು. ಆಟ ಮುಗಿದ ಮೇಲೆ ಪರವೂರಿನವರನ್ನು ಒಳಗೇ ಕೂಡಿಹಾಕಿ, ಊರಿನವರು ಚದುರಿದ ಮೇಲೆ ಬಿಡುತ್ತಿದ್ದರು. ಇಷ್ಟರ ನಡುವೆ ಕೈಗೆ ಕೈ ಹತ್ತುವುದಕ್ಕೆ ಸಿಗುತ್ತಿದ್ದದ್ದು ಕೆಲವೇ ನಿಮಿಷ, ಅನೇಕ ಸಲ ಅದೂ ಇಲ್ಲ.

ಸಿನಿಮಾಗಳು ಹೆಚ್ಚಾಗಿ ತಪ್ಪುವುದು ಹೊಡೆದಾಟದ ದೃಶ್ಯದಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಂಡಲ್ ಕಾಲಿನ್ಸ್ ಬೀದಿಯ ಹೊಡೆದಾಟಗಳ ಫೋಟೊ, ವಿಡಿಯೊಗಳನ್ನು ಇಟ್ಟುಕೊಂಡು ಹಿಂಸೆ ಹೇಗೆ ನಡೆಯುತ್ತದೆ ಎಂದು ವಿವರಿಸಿದ್ದಾರೆ. ಎದುರುಬದುರಾದ ಗುಂಪುಗಳು ಬಹಳ ಸಲ ಕೂಗಾಟ, ಕೈ ಬೀಸಾಟದಲ್ಲೇ ನಿಲ್ಲುತ್ತವೆ. ಹತ್ತಿಕೊಂಡರೂ ಅದು ಸೆಕೆಂಡುಗಳ ವಿಷಯ. ಮುಂದಿನ ಕೆಲವರು ಮಾತ್ರ ಕೈ ಮಾಡುತ್ತಾರೆ. ಹಿಂದಿನವರು ಕೂಗುತ್ತಾರೆ, ಮುಂದೆ ಬಂದು ಹಿಂದೆ ಸರಿಯುತ್ತಾರೆ, ಅಷ್ಟೇ. ಹೊಡೆತಗಳು ಗುರಿ ತಪ್ಪುತ್ತವೆ, ಏಕೆಂದರೆ ಎರಡೂ ಕಡೆಯವರು ಹೆದರಿರುತ್ತಾರೆ. ಗಂಭೀರ ಗಾಯ ಆಗುವುದು ಸಮಬಲರು ಎದುರು ನಿಂತಾಗ ಅಲ್ಲ. ಒಂದು ಗುಂಪು ಬೆನ್ನು ತಿರುಗಿಸಿ ಓಡಿದಾಗ, ಓಡುವಾಗ ಒಬ್ಬ ಎಡವಿ ಬಿದ್ದಾಗ, ಬಿದ್ದ ಒಬ್ಬನ ಮೇಲೆ ಐದಾರು ಜನ ಮುಗಿಬಿದ್ದಾಗ.

ಸಿನಿಮಾದಲ್ಲಿ? ಎರಡು ಗುಂಪು ಎದುರುಬದುರು ಓಡಿ ಬಂದು ಡಿಕ್ಕಿಯಾಗುತ್ತವೆ. ಯಾರೂ ಓಡಿಹೋಗುವುದಿಲ್ಲ. ಜೋಡಿ ಜೋಡಿಯಾಗಿ ಎರಡು ಮೂರು ನಿಮಿಷ ಹೊಡೆದಾಡುತ್ತಾರೆ. ಇದು ಹೀಗಾಗುವುದಕ್ಕೆ ಶೂಟಿಂಗಿನ ಕಾರಣಗಳಿವೆ. ಅವು ಗೊತ್ತಿದ್ದರೆ ನೀವು ಈ ದೃಶ್ಯಗಳನ್ನು ಬೇರೆಯಾಗಿ ನೋಡುತ್ತೀರಿ.

ಗುಂಪು ಹೊಡೆದಾಟವನ್ನು ಫೈಟ್ ಮಾಸ್ಟರ್ ಪದರ ಪದರವಾಗಿ ಕಟ್ಟುತ್ತಾರೆ. ಕ್ಯಾಮೆರಾಗೆ ಹತ್ತಿರ ತರಬೇತಿ ಪಡೆದ ಸ್ಟಂಟ್ ಕಲಾವಿದರು. ಪ್ರತಿ ಜೋಡಿಗೂ ಇಷ್ಟೇ ಏಟು, ಇಂಥ ಕಡೆ ಬೀಳುವುದು ಎಂದು ಎಣಿಸಿ ಕೊಟ್ಟಿರುತ್ತಾರೆ. ಅವರ ಹಿಂದೆ ಜೂನಿಯರ್ ಆರ್ಟಿಸ್ಟ್‌ಗಳು. ಅವರಿಗೆ ಮುಷ್ಟಿ ಬೀಸಲು ಬಿಡುವುದಿಲ್ಲ. ಕಾಲರ್ ಹಿಡಿಯಿರಿ, ತಳ್ಳಿ, ಎಳೆದಾಡಿ, ಅಷ್ಟೇ. ಏಟು ಮುಖದಿಂದ ಗೇಣುದ್ದ ದೂರದಲ್ಲೇ ಹಾದುಹೋಗುತ್ತದೆ. ಹೊಡೆಯುವವನ ಭುಜದ ಹಿಂದೆ, ಏಟಿನ ದಾರಿಗೇ ನೇರವಾಗಿ ಕ್ಯಾಮೆರಾ ಇಟ್ಟರೆ ಆ ಅಂತರ ಕಾಣುವುದಿಲ್ಲ. ಪಕ್ಕದಿಂದ ಇಟ್ಟರೆ ತಕ್ಷಣ ಸಿಕ್ಕಿಬೀಳುತ್ತದೆ. ಬಾಟಲಿ ರಾಳದ್ದು, ಇಟ್ಟಿಗೆ ಫೋಮಿನದು, ಸದ್ದು ಆಮೇಲೆ ಸೇರಿಸಿದ್ದು. ಕೆಡುವುದು ಸಾಮಾನ್ಯವಾಗಿ ಹಿಂದಿನ ಪದರದಲ್ಲಿ. ತನ್ನ ಸರದಿಗೆ ಕಾಯುತ್ತ ನಿಂತವನು, ಒಬ್ಬರ ತೋಳು ಒಬ್ಬರು ಹಿಡಿದು ಸುಮ್ಮನೆ ಸುತ್ತುವ ಜೋಡಿ ಚೌಕಟ್ಟಿನೊಳಗೆ ಬಂದುಬಿಡುತ್ತಾರೆ. ಇದನ್ನು ಮುಚ್ಚಲು ಸಂಕಲನಕಾರರು ಕತ್ತರಿ ಚುರುಕು ಮಾಡುತ್ತಾರೆ, ಕ್ಯಾಮೆರಾಮನ್ ಕೈಯಲ್ಲಿ ಹಿಡಿದು ಅಲುಗಾಡಿಸುತ್ತಾರೆ, ಶಟರ್ ಕೋನ ಇಳಿಸುತ್ತಾರೆ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ 180 ಡಿಗ್ರಿ ಶಟರ್ ಇದ್ದರೆ ಒಂದೊಂದು ಚೌಕಟ್ಟಿಗೆ ಬೆಳಕು ಬೀಳುವುದು ಸೆಕೆಂಡಿನ 48ನೇ ಒಂದು ಭಾಗ. ಕೋನವನ್ನು 45 ಡಿಗ್ರಿಗೆ ಇಳಿಸಿದರೆ 192ನೇ ಒಂದು ಭಾಗ. ಆಗ ಚಲನೆಯ ಮಸುಕು ಹೋಗಿ ಪ್ರತಿ ಏಟೂ ತುಂಡು ತುಂಡಾಗಿ, ಚೂಪಾಗಿ ಕಾಣುತ್ತದೆ. ತಪ್ಪು ಮುಚ್ಚುವ ಈ ತಂತ್ರವೇ ನೋಡುವವನ ಎದೆಬಡಿತವನ್ನೂ ಏರಿಸುತ್ತದೆ. ಹೊಡೆದಾಟ ಚಂದ ಕಾಣತೊಡಗುವುದು ಆಗ.

ಇನ್ನೊಂದು ತೊಡಕು ಈ ವಿಷಯಕ್ಕೆ ಮಾತ್ರ ವಿಶೇಷವಾದದ್ದು. ಎರಡೂ ಗುಂಪಿನವರು ತಂಡದ ಬಣ್ಣ ಹಾಕುವುದಿಲ್ಲ ಎಂದೆನಲ್ಲ. ಹಾಗಾದರೆ ಪರದೆಯ ಮೇಲೆ ಯಾರು ಯಾರ ಕಡೆ ಎಂದು ಪ್ರೇಕ್ಷಕನಿಗೆ ತಿಳಿಯುವುದು ಹೇಗೆ? ಒಬ್ಬರು ಎಡದಿಂದ, ಇನ್ನೊಬ್ಬರು ಬಲದಿಂದ ಬರುವಂತೆ ಮಾಡಿ, ಎರಡು ಗುಂಪುಗಳನ್ನು ಜೋಡಿಸುವ ಕಲ್ಪಿತ ಗೆರೆಯನ್ನು ಕ್ಯಾಮೆರಾ ದಾಟದಂತೆ ನೋಡಿಕೊಳ್ಳುವುದು ಒಂದು ದಾರಿ. ಅದಕ್ಕೆ ಅಗಲ ಕಡಿಮೆ ಇರುವ ಜಾಗ ಬೇಕು: ಅಂಡರ್‌ಪಾಸ್, ಓಣಿ, ಗೋದಾಮಿನ ಅಂಗಳ. ಈ ಚಿತ್ರಗಳಲ್ಲಿ ಹೊಡೆದಾಟಗಳೆಲ್ಲ ಮತ್ತೆ ಮತ್ತೆ ಖಾಲಿ ಜಾಗದಲ್ಲೇ ನಡೆಯುವುದರ ಹಿಂದೆ ಈ ಅನುಕೂಲವೂ ಇದೆ. ಅದರ ಪರಿಣಾಮ ಏನಾಯಿತು ನೋಡಿ. ಖಾಲಿ ಅಂಗಳದಲ್ಲಿ ಇಷ್ಟಪಟ್ಟು ಬಂದವರು ಇಷ್ಟಪಟ್ಟು ಬಂದವರನ್ನೇ ಹೊಡೆಯುತ್ತಾರೆ. ಮಗನ ಕೈ ಹಿಡಿದು ಪಂದ್ಯಕ್ಕೆ ಹೊರಟ ಅಪ್ಪ, ಗಾಜು ಒಡೆಸಿಕೊಂಡ ಚಿಪ್ಸ್ ಅಂಗಡಿಯವನು, ರೈಲಿನ ಬೋಗಿಯಲ್ಲಿ ಸಿಕ್ಕಿಬಿದ್ದ ಮುದುಕಿ, ಯಾರೂ ಅಲ್ಲಿಲ್ಲ. ಪುಂಡರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಮಾತು ಅದೇ: ನಾವು ಬೇರೆಯವರನ್ನು ಮುಟ್ಟುವುದಿಲ್ಲ, ನಮ್ಮಂಥವರ ಜೊತೆ ಮಾತ್ರ. ಆ ಮಾತನ್ನು ಸಿನಿಮಾ ವಿಚಾರಿಸದೆ ಒಪ್ಪಿಕೊಂಡಂತಾಯಿತು.

ನಿಕ್ ಲವ್ 2009ರಲ್ಲಿ ‘ದಿ ಫರ್ಮ್’ ಅನ್ನು ಮತ್ತೆ ತೆಗೆದಾಗ ಈ ಗುರುತಿನ ತೊಡಕನ್ನು ಬಟ್ಟೆಯಿಂದಲೇ ಬಿಡಿಸಿದರು. ಕಥೆ 1980ರ ದಶಕದಲ್ಲಿದೆ, ಬೆಕ್ಸ್‌ನ ಗುಂಪು ಕಣ್ಣು ಕುಕ್ಕುವ ಬಣ್ಣದ ಟ್ರ್ಯಾಕ್‌ಸೂಟ್‌ಗಳಲ್ಲಿ ಬರುತ್ತದೆ. ಡಾಮ್ ಎಂಬ ಹೊಸ ಹುಡುಗ ಬೆಕ್ಸ್ ತೊಟ್ಟಂಥದೇ ಟ್ರ್ಯಾಕ್‌ಸೂಟ್ ತೊಟ್ಟು ಬಂದು ಎಲ್ಲರೆದುರು ನಗೆಪಾಟಲಾಗುವ ದೃಶ್ಯದಲ್ಲಿ ಆ ಗುಂಪಿನ ಮೇಲುಕೀಳಿನ ಲೆಕ್ಕಾಚಾರ ಒಂದೇ ಏಟಿಗೆ ಅರ್ಥವಾಗುತ್ತದೆ. ಒಳ್ಳೆಯ ಗಮನಿಕೆ ಅದು. ಆದರೆ ಇಡೀ ಚಿತ್ರ ಬಟ್ಟೆಯ ಮೋಹಕ್ಕೆ ಬಿದ್ದಿದೆ ಎಂದೇ ನನ್ನ ಅಭಿಪ್ರಾಯ.

ಕ್ಲಾರ್ಕ್ ಇದೇ ತೊಡಕುಗಳನ್ನು ಬಿಡಿಸಿಕೊಂಡ ಬಗೆ ಬೇರೆ. ಅವರ ಕೈಯಲ್ಲಿ ಸ್ಟೆಡಿಕ್ಯಾಮ್ ಇತ್ತು. ಮೈಗೆ ಬಿಗಿದ ಕವಚ, ಅದರಿಂದ ಹೊರಟ ಸ್ಪ್ರಿಂಗ್ ತೋಳು, ತೋಳಿನ ತುದಿಯ ಕಂಬಕ್ಕೆ ತೂಕ ಸರಿದೂಗಿಸಿ ಕೂರಿಸಿದ ಕ್ಯಾಮೆರಾ. ನಡೆಯುವವನ ಹೆಜ್ಜೆಯ ಕುಲುಕು ಚಿತ್ರಕ್ಕೆ ತಾಗುವುದಿಲ್ಲ. ಟ್ರಾಲಿ ಹಳಿ ಹಾಕುವ ಗೋಜಿಲ್ಲದೆ ಮನೆಯೊಳಗೆ, ಮೆಟ್ಟಿಲ ಮೇಲೆ, ಬೀದಿಗೆ ಒಂದೇ ಉಸಿರಿನಲ್ಲಿ ಹೋಗಬಹುದು. ಕ್ಲಾರ್ಕ್ ಇದರಿಂದ ಮಾಡಿದ್ದೇನೆಂದರೆ ನಡಿಗೆಯನ್ನು ಹಿಂಬಾಲಿಸಿದರು. ಕೆಲವೇ ವಾರಗಳ ಹಿಂದೆ, 1989ರ ಜನವರಿಯಲ್ಲಿ ಪ್ರಸಾರವಾದ ಅವರ ‘ಎಲಿಫೆಂಟ್’ ಚಿತ್ರದಲ್ಲಿ ಉತ್ತರ ಐರ್ಲೆಂಡಿನ ಕೊಲೆಗಾರರ ಬೆನ್ನ ಹಿಂದೆ ಹೀಗೇ ನಡೆದಿದ್ದರು. ಬೆಕ್ಸ್ ಕೋಣೆಯಿಂದ ಕೋಣೆಗೆ ನಡೆಯುವುದು, ಗುಂಪು ಬೀದಿ ತುಂಬ ನಡೆದುಬರುವುದು, ಇವೆಲ್ಲ ತುಂಡಾಗದೆ ಕಾಣುತ್ತವೆ. ತುಂಡಾಗದಿದ್ದರೆ ಪ್ರೇಕ್ಷಕನಿಗೆ ತಪ್ಪಿಸಿಕೊಳ್ಳುವ ಜಾಗ ಇರುವುದಿಲ್ಲ. ಏಟು ಬಿದ್ದ ಮೇಲೆ ಕಥೆ ಮುಂದಿನ ಏಟಿಗೆ ಹಾರುವುದಿಲ್ಲ, ಬಿದ್ದವನ ಬಳಿ ಉಳಿಯುತ್ತದೆ.

ಎರಡು ದೃಶ್ಯಗಳನ್ನು ಹತ್ತಿರದಿಂದ ನೋಡೋಣ. ಬೆಕ್ಸ್ ತನ್ನ ಅಪ್ಪನ ಮನೆಗೆ ಹೋಗುತ್ತಾನೆ. ಮಹಡಿಯ ಮೇಲೆ ಅವನು ಹುಡುಗನಾಗಿದ್ದಾಗಿನ ಕೋಣೆ, ಗೋಡೆ ತುಂಬ ಫುಟ್‌ಬಾಲ್ ಅಂಟುಚಿತ್ರ. ಅಲ್ಲಿಂದ ಒಂದು ಸೂಟ್‌ಕೇಸ್ ತೆಗೆಯುತ್ತಾನೆ. ಅದರ ತುಂಬ ಹೊಡೆಯುವ ಸಾಮಾನು. ಒಂದೊಂದನ್ನೇ ಕೈಯಲ್ಲಿ ಹಿಡಿದು ಬೀಸಿ ನೋಡುತ್ತಾನೆ. ಮೂವತ್ತರ ಆಸುಪಾಸಿನ ಗಂಡಸು ಹತ್ತು ವರ್ಷದವನಾಗಿಬಿಡುವುದು ಅಲ್ಲಿ ಕಾಣುತ್ತದೆ, ಒಂದು ಮಾತಿನ ವಿವರಣೆಯೂ ಇಲ್ಲದೆ. ಇನ್ನೊಂದು, ಮನೆಯಲ್ಲಿ ಬಿದ್ದಿದ್ದ ಬೆಕ್ಸ್‌ನ ಸ್ಟ್ಯಾನ್ಲಿ ಚಾಕು ಪುಟ್ಟ ಮಗುವಿನ ಕೈಗೆ ಸಿಗುತ್ತದೆ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಕಾರ್ಪೆಟ್ ಕೊಯ್ಯಲು, ರಟ್ಟು ಕತ್ತರಿಸಲು ಎಲ್ಲರ ಮನೆಯಲ್ಲೂ ಇರುವ ಬ್ಲೇಡಿನ ಚಾಕು ಅದು. ಪುಂಡರಿಗೆ ಅದು ಬೇಕಾಗಿದ್ದಕ್ಕೂ ಅದೇ ಕಾರಣ: ಯಾವ ಅಂಗಡಿಯಲ್ಲೂ ಸಿಗುತ್ತದೆ, ಜೇಬಿನಲ್ಲಿ ಕೂರುತ್ತದೆ. ಹೆಂಡತಿ ಸ್ಯೂ ಪಾತ್ರದಲ್ಲಿ ಲೆಸ್ಲಿ ಮ್ಯಾನ್‌ವಿಲ್ ಆ ಗಳಿಗೆಯಿಂದ ಮುಂದೆ ಗಂಡನನ್ನು ನೋಡುವ ನೋಟವೇ ಬೇರೆಯಾಗುತ್ತದೆ. ಪ್ರಸಾರಕ್ಕೆ ಮುನ್ನ ಬಿಬಿಸಿ ಈ ಚಿತ್ರದ ಕೆಲವು ಭಾಗ ಕತ್ತರಿಸಿತು. ಉಳಿದದ್ದೂ ಸಾಕಷ್ಟು ಕಠಿಣವಾಗಿಯೇ ಇದೆ.

ಇನ್ನು ಈ ಚಿತ್ರಗಳೆಲ್ಲ ಮತ್ತೆ ಮತ್ತೆ ಹಿಡಿಯುವ ಒಂದು ದಾರಿ, ಹೊಸಬನ ಕಣ್ಣು. ಗುಂಪಿನ ಕಟ್ಟಳೆ ಗೊತ್ತಿಲ್ಲದ ಒಬ್ಬ ಒಳಗೆ ಬರುತ್ತಾನೆ. ಅವನಿಗೆ ಹೇಳಿಕೊಡುವ ನೆಪದಲ್ಲಿ ನಮಗೂ ಹೇಳಿಕೊಡಬಹುದು. 2009ರ ‘ಅವೇಡೇಸ್’ನಲ್ಲಿ ಅವನು 1979ರ ಬರ್ಕನ್‌ಹೆಡ್‌ನ ಕಾರ್ಟಿ, ‘ಐ.ಡಿ.’ಯಲ್ಲಿ ವೇಷ ಮರೆಸಿದ ಪೊಲೀಸ್ ಜಾನ್, 2005ರ ‘ಗ್ರೀನ್ ಸ್ಟ್ರೀಟ್’ನಲ್ಲಿ ಹಾರ್ವರ್ಡ್‌ನಿಂದ ಹೊರಹಾಕಿಸಿಕೊಂಡ ಅಮೆರಿಕದ ಹುಡುಗ ಮ್ಯಾಟ್. ಕಥೆ ಹೇಳಲು ಇದು ಬಲು ಅನುಕೂಲ. ಅಪಾಯವೂ ಅಲ್ಲೇ ಇದೆ. ಹೊಸಬನ ಕಥೆಗೆ ಒಂದು ಏರುಗತಿ ಬೇಕಾಗುತ್ತದೆ: ಮೊದಲು ಹೆದರಿಕೆ, ಆಮೇಲೆ ಮೊದಲ ಏಟು, ಆಮೇಲೆ ಗುಂಪಿನ ಒಪ್ಪಿಗೆ. ಆ ಒಪ್ಪಿಗೆ ಸಿಕ್ಕಿದ ಗಳಿಗೆಯಲ್ಲಿ ಪ್ರೇಕ್ಷಕನಿಗೂ ಗೆದ್ದಂತೆ ಅನಿಸಿಬಿಡುತ್ತದೆ.

‘ಗ್ರೀನ್ ಸ್ಟ್ರೀಟ್’ ಇಲ್ಲಿ ಸರಿಯಾದ ಉದಾಹರಣೆ. ನಿರ್ದೇಶಕಿ ಲೆಕ್ಸಿ ಅಲೆಕ್ಸಾಂಡರ್ ಜರ್ಮನಿಯಲ್ಲಿ ಹುಟ್ಟಿದವರು, ಕಿಕ್‌ಬಾಕ್ಸಿಂಗ್ ಚಾಂಪಿಯನ್ ಆಗಿದ್ದವರು. ಮೈಯ ಚಲನೆ ಅವರಿಗೆ ಚೆನ್ನಾಗಿ ಗೊತ್ತು. ಎಲಿಜಾ ವುಡ್ ಮಾಡಿದ ಮ್ಯಾಟ್ ಲಂಡನ್ನಿಗೆ ಬಂದು ಅಕ್ಕನ ಗಂಡನ ತಮ್ಮ ಪೀಟ್‌ನ ಕೈಗೆ ಬೀಳುತ್ತಾನೆ. ಮ್ಯಾಂಚೆಸ್ಟರಿನ ದೃಶ್ಯ ನೋಡಿ. ನಿಲ್ದಾಣದಲ್ಲಿ ಎದುರಾಳಿಗಳು ಕಾದು ನಿಂತಿದ್ದಾರೆಂದು ತಿಳಿದು, ಇವರು ಮೊದಲೇ ರೈಲು ನಿಲ್ಲಿಸಿ ಇಳಿದು, ಲಾರಿಯೊಳಗೆ ಅವಿತು ಅವರ ಬೆನ್ನ ಹಿಂದೆ ಬಂದು ಇಳಿಯುತ್ತಾರೆ. ಬರವಣಿಗೆಯಾಗಿ ಒಳ್ಳೆಯ ಸಾಹಸ ದೃಶ್ಯ. ಆದರೆ ಅದು ಯುದ್ಧ ಚಿತ್ರದ ವ್ಯಾಕರಣ: ತಂತ್ರ, ಅನಿರೀಕ್ಷಿತ ದಾಳಿ, ಗೆಲುವು, ವಾಪಸು ಬರುವಾಗ ಹಾಡು. ಕೊನೆಯಲ್ಲಿ ಥೇಮ್ಸ್ ದಂಡೆಯ ಬಯಲಿನಲ್ಲಿ ವೆಸ್ಟ್ ಹ್ಯಾಮ್ ಮತ್ತು ಮಿಲ್‌ವಾಲ್ ಗುಂಪುಗಳು ಹೊಡೆದಾಡಿ ಪೀಟ್ ಸಾಯುತ್ತಾನೆ. ಚಿತ್ರ ಅವನ ಸಾವನ್ನು ತ್ಯಾಗದಂತೆ ತೋರಿಸುತ್ತದೆ. ಆಮೇಲೆ ಮ್ಯಾಟ್ ಅಮೆರಿಕಕ್ಕೆ ಮರಳಿ, ತನಗೆ ಮೋಸ ಮಾಡಿದ ಶ್ರೀಮಂತ ಹುಡುಗನನ್ನು ಧೈರ್ಯವಾಗಿ ಎದುರಿಸಿ, ವೆಸ್ಟ್ ಹ್ಯಾಮ್ ಹಾಡು ಹಾಡುತ್ತ ಹೋಗುತ್ತಾನೆ. ಒಬ್ಬ ಸತ್ತ, ಇನ್ನೊಬ್ಬನ ವ್ಯಕ್ತಿತ್ವ ಬೆಳೆಯಿತು. ಲೆಕ್ಕ ಹಾಗೆ ಮುಗಿಯುತ್ತದೆ. ನನಗೆ ಈ ಚಿತ್ರದ ಮೇಲಿರುವ ದೊಡ್ಡ ತಕರಾರು ಇದು. ಪೀಟ್ ಪಾತ್ರದ ಚಾರ್ಲಿ ಹನ್ನಮ್‌ನ ಕೆಟ್ಟ ಲಂಡನ್ ಉಚ್ಚಾರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದು ಸಣ್ಣ ವಿಷಯ.

‘ಐ.ಡಿ.’ ಇದೇ ಹೊಸಬನ ದಾರಿಯಲ್ಲಿ ಹೋಗಿ ಬೇರೆ ಕಡೆ ತಲುಪುತ್ತದೆ. ಇದರ ನಿರ್ದೇಶಕ ಫಿಲಿಪ್ ಡೇವಿಸ್, ಕ್ಲಾರ್ಕ್ ಚಿತ್ರದಲ್ಲಿ ಬೆಕ್ಸ್‌ನ ವೈರಿ ಯೇಟಿಯ ಪಾತ್ರ ಮಾಡಿದವರೇ. ಗುಂಪಿನೊಳಗೆ ನುಸುಳಿದ ಪೊಲೀಸ್ ಜಾನ್‌ನನ್ನು ಗುಂಪು ಒಪ್ಪಿಕೊಂಡಷ್ಟೂ ಅವನ ಮನೆ, ಮದುವೆ, ಮಾತು ಎಲ್ಲ ಕೆಡುತ್ತ ಹೋಗುತ್ತದೆ. ಕಾರ್ಯಾಚರಣೆ ನಿಲ್ಲಿಸಿದ ಮೇಲೂ ಅವನು ಹಿಂದಿರುಗುವುದಿಲ್ಲ. ಕೊನೆಗೆ ನವ ನಾಜಿಗಳ ಮೆರವಣಿಗೆಯಲ್ಲಿ ಕಾಣುತ್ತಾನೆ. ಇಲ್ಲಿ ಏರುಗತಿಯೇ ಇಳಿಗತಿ. ವಾಸ್ತವದಲ್ಲೂ 1980ರ ದಶಕದ ಮಧ್ಯದಲ್ಲಿ ಲಂಡನ್ ಪೊಲೀಸರು ಹೀಗೆ ವೇಷ ಮರೆಸಿ ಗುಂಪುಗಳೊಳಗೆ ಹೋಗಿದ್ದರು. ಆದರೆ ಅಂಥ ಕೆಲವು ದೊಡ್ಡ ಮೊಕದ್ದಮೆಗಳು ನ್ಯಾಯಾಲಯದಲ್ಲಿ ಬಿದ್ದುಹೋದವು. ಪೊಲೀಸರು ಬರೆದಿಟ್ಟ ಟಿಪ್ಪಣಿ ಪುಸ್ತಕಗಳೇ ನಂಬಲರ್ಹವಲ್ಲ ಎಂದಾಯಿತು. ಬಹಳ ಒಳ್ಳೆಯ ಸಿನಿಮಾ ಆಗಬಹುದಾದ ವಸ್ತು ಇದು.

2004ರ ‘ದಿ ಫುಟ್‌ಬಾಲ್ ಫ್ಯಾಕ್ಟರಿ’ಯಲ್ಲಿ ಹೊಸಬ ಇಲ್ಲ, ಬದಲಿಗೆ ಹಿನ್ನೆಲೆ ಮಾತು ಇದೆ. ಡ್ಯಾನಿ ಡೈಯರ್ ಮಾಡಿದ ಟಾಮಿ ನಮ್ಮ ಕಿವಿಯಲ್ಲೇ ಮಾತಾಡುತ್ತಾನೆ, ನಗಿಸುತ್ತಾನೆ. ಯಾರು ನಗಿಸುತ್ತಾನೋ ಅವನ ಪಕ್ಷಕ್ಕೆ ನಾವು ಸೇರಿಬಿಡುತ್ತೇವೆ. ನಿರ್ದೇಶಕ ನಿಕ್ ಲವ್ ಇದಕ್ಕೆ ಎದುರಾಗಿ ಟಾಮಿಯ ಅಜ್ಜನನ್ನು ಇಟ್ಟಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ನಿಜವಾಗಿ ಹೋರಾಡಿ ಬಂದ ಮುದುಕ, ಈಗ ಗೆಳೆಯನ ಜೊತೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸುವ ಕನಸು ಕಾಣುವವನು. ಆ ಎಳೆ ಇನ್ನೂ ಬೆಳೆಯಬೇಕಿತ್ತು. ಇಷ್ಟೆಲ್ಲ ಆದದ್ದಕ್ಕೆ ಬೆಲೆ ಇತ್ತೇ ಎಂದು ಕೊನೆಯಲ್ಲಿ ಟಾಮಿ ಕೇಳಿಕೊಂಡು, ಇತ್ತು ಎಂದೇ ಹೇಳುತ್ತಾನೆ. ಈ ಚಿತ್ರದ ಕಾರ್ಯಕಾರಿ ನಿರ್ಮಾಪಕರ ಸಾಲಿನಲ್ಲಿ ವಿಡಿಯೊ ಗೇಮ್ ಕಂಪನಿ ರಾಕ್‌ಸ್ಟಾರ್ ಗೇಮ್ಸ್ ಇದೆ. ಹೊಡೆದಾಟ ಯಾರಿಗೆ ಮಾರಾಟವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಇಂಗ್ಲೆಂಡ್ ಬಿಟ್ಟು ಇಟಲಿಗೆ ಒಂದು ಗಳಿಗೆ ಹೋಗಿಬರೋಣ. ರಿಕಿ ತೊಞಾತ್ಸಿ ನಿರ್ದೇಶಿಸಿದ ‘ಉಲ್ತ್ರಾ’ ಚಿತ್ರಕ್ಕೆ 1991ರ ಬರ್ಲಿನ್ ಚಿತ್ರೋತ್ಸವದಲ್ಲಿ ನಿರ್ದೇಶನದ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ರೋಮಾ ತಂಡದ ಅಭಿಮಾನಿಗಳು ಯುವೆಂಟಸ್ ಪಂದ್ಯಕ್ಕಾಗಿ ಟ್ಯೂರಿನ್‌ಗೆ ಹೊರಟಿದ್ದಾರೆ. ಚಿತ್ರದ ದೊಡ್ಡ ಭಾಗ ರೈಲಿನಲ್ಲೇ ನಡೆಯುತ್ತದೆ. ನಿದ್ದೆಗೆಟ್ಟ ಕಣ್ಣು, ಹೊಗೆ, ಹಾಡು, ಹರಟೆ, ಸಣ್ಣಪುಟ್ಟ ಅವಮಾನ. ಆ ಕಾಯುವಿಕೆ ಅಂದೆನಲ್ಲ, ಅದು ಪರದೆಯ ಮೇಲೆ ಬಂದದ್ದು ಈ ಚಿತ್ರದಲ್ಲಿ. ಕೊನೆಯ ಗಲಭೆಯಲ್ಲಿ ಚಾಕು ತಗಲುವುದು ಎದುರಾಳಿಗಲ್ಲ, ಸ್ವಂತ ಗುಂಪಿನ ಹುಡುಗನಿಗೇ. ಹೆದರಿಕೆಯಲ್ಲಿ, ನೂಕುನುಗ್ಗಲಿನಲ್ಲಿ ಆಗುವುದು ಹೀಗೇ.

ಇಂಗ್ಲೆಂಡಿನ ಫರ್ಮ್ ಮತ್ತು ಇಟಲಿಯ ಉಲ್ತ್ರಾ ಒಂದೇ ಎಂದು ತಿಳಿಯಬೇಡಿ, ಎಷ್ಟೋ ಸಿನಿಮಾ ವಿಮರ್ಶೆಗಳಲ್ಲೂ ಈ ಗೊಂದಲ ಇದೆ. ಫರ್ಮ್ ಬಣ್ಣ ಮರೆಸಿಕೊಂಡು ಓಡಾಡುತ್ತದೆ. ಉಲ್ತ್ರಾ ಗುಂಪು ಬಣ್ಣವನ್ನೇ ಮೆರೆಸುತ್ತದೆ: ಗ್ಯಾಲರಿ ತುಂಬ ಹರಡುವ ಬ್ಯಾನರ್, ಡೋಲು, ಆಟದ ಕಡೆ ಬೆನ್ನು ಮಾಡಿ ಮೈಕು ಹಿಡಿದು ಹಾಡಿಸುವ ಮುಂದಾಳು. ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಗೆಳೆಯರು ಕಟ್ಟಿದ್ದು ಈ ಎರಡನೇ ಬಗೆಯ ಹಾಡು, ಬ್ಯಾನರ್‌ಗಳ ಸಂಪ್ರದಾಯದಿಂದ ಬಂದದ್ದು. ಅದಕ್ಕೂ ಚಾಕುವಿಗೂ ಗಂಟು ಹಾಕುವುದು ಅನ್ಯಾಯ. ಇಟಲಿಯಲ್ಲಿ ಹಿಂಸೆ ಇಲ್ಲವೆಂದಲ್ಲ, ಅದರ ರಚನೆ ಬೇರೆ.

ಇಲ್ಲಿಯವರೆಗೆ ಹೇಳಿದ ಚಿತ್ರಗಳಲ್ಲೆಲ್ಲ ಕ್ಯಾಮೆರಾ ಗುಂಪಿನ ಪಕ್ಕದಲ್ಲೇ ನಿಂತಿದೆ, ಕ್ಲಾರ್ಕ್ ಚಿತ್ರದಲ್ಲೂ. ಕ್ಲಾರ್ಕ್‌ಗೆ ಅದರ ಅರಿವಿತ್ತು. ಅವರ ಕೊನೆಯ ದೃಶ್ಯದಲ್ಲಿ ಬೆಕ್ಸ್ ಸತ್ತಿದ್ದಾನೆ. ವೈರಿ ಗುಂಪುಗಳೆಲ್ಲ ಒಂದೇ ಪಬ್ಬಿನಲ್ಲಿ ಸೇರಿ, ಸಾಕ್ಷ್ಯಚಿತ್ರದವರ ಕ್ಯಾಮೆರಾ ಮುಂದೆ ನೂಕಾಡಿ ಅವನನ್ನು ಹೊಗಳುತ್ತವೆ. ಆ ಕ್ಯಾಮೆರಾ ಕಲ್ಪನೆಯಲ್ಲ. 1977ರಲ್ಲಿ ಬಿಬಿಸಿಯ ‘ಪನೋರಮಾ’ ಮಿಲ್‌ವಾಲ್ ಗುಂಪುಗಳನ್ನು ಚಿತ್ರೀಕರಿಸಿತ್ತು, 1985ರಲ್ಲಿ ಥೇಮ್ಸ್ ಟಿವಿ ವೆಸ್ಟ್ ಹ್ಯಾಮ್ ಗುಂಪಿನ ಜೊತೆ ಓಡಾಡಿತ್ತು. ಟಿವಿಯಲ್ಲಿ ಬಂದದ್ದು ಆ ಗುಂಪುಗಳಿಗೆ ಹೆಸರು ತಂದಿತು, ಹೆಸರು ಹೊಸ ಹುಡುಗರನ್ನು ತಂದಿತು.

ಆಗ ಚೌಕಟ್ಟಿನಿಂದ ಹೊರಗೆ ಉಳಿದವರು ಪಂದ್ಯ ನೋಡಲು ಬರುವ ಮಾಮೂಲಿ ಜನ. ಇದು ಸಿನಿಮಾ ರುಚಿಯ ಪ್ರಶ್ನೆಯಷ್ಟೇ ಅಲ್ಲ. 1985ರ ಮಾರ್ಚ್ 13ರಂದು ಲೂಟನ್‌ನಲ್ಲಿ ಮಿಲ್‌ವಾಲ್ ಗುಂಪು ಮೈದಾನಕ್ಕೆ ನುಗ್ಗಿ ಕುರ್ಚಿ ಕಿತ್ತೆಸೆಯಿತು. ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು, ಹೆಚ್ಚಿನವರು ಇಟಲಿಯವರು. ಇಂಗ್ಲಿಷ್ ಕ್ಲಬ್ಬುಗಳು 5 ವರ್ಷ ಯುರೋಪಿನಿಂದ ಹೊರಗಾದವು. ಪುಂಡಾಟ ನಿಜ, ಅದರ ಸಾವುಗಳೂ ನಿಜ. ಆದರೆ ಆ ಕಾಲದಲ್ಲಿ ಕ್ರೀಡಾಂಗಣಕ್ಕೆ ಬರುವ ಪ್ರತಿಯೊಬ್ಬನೂ ಪುಂಡನೇ ಎಂಬಂತೆ ವ್ಯವಸ್ಥೆ ನಡೆಯಿತು. ನಿಂತು ನೋಡುವ ಗ್ಯಾಲರಿಗಳನ್ನು ಕಬ್ಬಿಣದ ಬೇಲಿಯಿಂದ ದೊಡ್ಡಿಗಳಂತೆ ಭಾಗ ಮಾಡುವುದು ಹಲವೆಡೆ ಮಾಮೂಲಾಗಿತ್ತು. ಚೆಲ್ಸಿಯ ಮಾಲೀಕರು ತಮ್ಮ ಮೈದಾನದ ಬೇಲಿಗೆ 12 ವೋಲ್ಟ್ ವಿದ್ಯುತ್ ತಂತಿಯನ್ನೂ ಹಾಕಿಸಿದರು. ಸ್ಥಳೀಯ ಆಡಳಿತ ಒಪ್ಪದ ಕಾರಣ ಸ್ವಿಚ್ ಹಾಕಲಾಗಲಿಲ್ಲ.

ಬೆಕ್ಸ್‌ನ ಕಥೆ ಟಿವಿಯಲ್ಲಿ ಬಂದು ಏಳು ವಾರ ಕಳೆದಿರಲಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಲೆಪಿಂಗ್ಸ್ ಲೇನ್ ಕಡೆಯ ಗ್ಯಾಲರಿಗೆ ಬಂದರು. ನಿಂತು ನೋಡುವ ಟಿಕೆಟ್ ಇದ್ದ 10,100 ಜನಕ್ಕೆ ಇದ್ದ ತಿರುಗುಗೇಟು 7. ಹೊರಗೆ ನೂಕುನುಗ್ಗಲು ಹೆಚ್ಚಿ, ಮಧ್ಯಾಹ್ನ 2 ಗಂಟೆ 52 ನಿಮಿಷಕ್ಕೆ ಪೊಲೀಸರು ದೊಡ್ಡ ಗೇಟು ತೆರೆಸಿದರು. ಒಳಗಿನ ಸುರಂಗದಾರಿ ಮುಚ್ಚಲಿಲ್ಲ. ಬಂದವರೆಲ್ಲ ಆಗಲೇ ತುಂಬಿದ್ದ 3 ಮತ್ತು 4ನೇ ಆವರಣಕ್ಕೆ ಹೋದರು. ಮುಂದೆ ಬೇಲಿ. ಉಸಿರುಗಟ್ಟಿ ಬೇಲಿ ಹತ್ತಿದವರನ್ನು ಪೊಲೀಸರು ಮೈದಾನಕ್ಕೆ ನುಗ್ಗುವ ಪುಂಡರೆಂದೇ ಮೊದಲು ತಿಳಿದರು. 3 ಗಂಟೆ 6 ನಿಮಿಷಕ್ಕೆ ಆಟ ನಿಂತಿತು. ಸತ್ತವರು 97 ಜನ. ಅಭಿಮಾನಿಗಳೇ ಗೇಟು ಮುರಿದರೆಂದು ಪೊಲೀಸ್ ಅಧಿಕಾರಿ ಸುಳ್ಳು ಹೇಳಿದರು, ನಾಲ್ಕು ದಿನಕ್ಕೆ ‘ದಿ ಸನ್’ ಪತ್ರಿಕೆ ಕುಡುಕ ಪುಂಡರ ಕಥೆಯನ್ನು ಸತ್ಯವೆಂದು ಮುಖಪುಟದಲ್ಲಿ ಅಚ್ಚು ಹಾಕಿತು. ಜನ ನಂಬಿದರು. ಫುಟ್‌ಬಾಲ್ ಅಭಿಮಾನಿ ಎಂದರೆ ಯಾರು ಎಂಬ ಚಿತ್ರ ಅವರ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ಅದಕ್ಕೆ ಕ್ಲಾರ್ಕ್ ಒಬ್ಬರನ್ನೇ ಹೊಣೆ ಮಾಡುವುದು ತಪ್ಪು. ಪತ್ರಿಕೆ, ಟಿವಿ ಸುದ್ದಿ, ಸರ್ಕಾರ ಎಲ್ಲ ಸೇರಿ ವರ್ಷಗಟ್ಟಲೆ ಬಿಡಿಸಿದ ಚಿತ್ರ ಅದು.

ಹಾಗಾಗಿ ‘ದಿ ಫರ್ಮ್’ ನೋಡಿದವರು 1996ರ ಡಿಸೆಂಬರಿನಲ್ಲಿ ಐಟಿವಿಯಲ್ಲಿ ಬಂದ, ಜಿಮ್ಮಿ ಮೆಕ್‌ಗವರ್ನ್ ಬರೆದ ‘ಹಿಲ್ಸ್‌ಬರೊ’ ನೋಡಲೇಬೇಕು. ಇಲ್ಲಿ ಕ್ಯಾಮೆರಾ ಮನೆಯವರ ಪಕ್ಕದಲ್ಲಿ ನಿಂತಿದೆ. ಮಕ್ಕಳನ್ನು ಪಂದ್ಯಕ್ಕೆ ಕಳಿಸಿದ, ಜೊತೆಗೆ ಹೋದ ಅಪ್ಪ ಅಮ್ಮಂದಿರು. ಕ್ರೀಡಾಂಗಣದ ವ್ಯಾಯಾಮಶಾಲೆಯನ್ನೇ ತಾತ್ಕಾಲಿಕ ಶವಾಗಾರ ಮಾಡಿ, ಫಲಕಕ್ಕೆ ಅಂಟಿಸಿದ ಫೋಟೊಗಳಲ್ಲಿ ತಮ್ಮವರನ್ನು ಗುರುತಿಸಿ ಎಂದು ಅವರಿಗೆ ಹೇಳಲಾಯಿತು. ಗುರುತಿಸಿದ ಮೇಲೆ ಪೊಲೀಸರು ಕೇಳಿದ ಪ್ರಶ್ನೆಗಳಲ್ಲಿ ಒಂದು, ಇವರು ಕುಡಿದಿದ್ದರೇ ಎಂದು. ಮಕ್ಕಳ ರಕ್ತದಲ್ಲೂ ಮದ್ಯದ ಪ್ರಮಾಣ ಪರೀಕ್ಷಿಸಿದ್ದರು. ಚಿತ್ರ ಬಂದ ಮೇಲೆ ಮರುವಿಚಾರಣೆಯ ಕೂಗು ಮತ್ತೆ ಎದ್ದಿತು. 1997ರಲ್ಲಿ ಸರ್ಕಾರ ಕಡತಗಳ ಮರುಪರಿಶೀಲನೆಗೆ ಒಪ್ಪಿತು, ಅದರಿಂದ ಹೆಚ್ಚೇನೂ ಆಗಲಿಲ್ಲ. 2012ರಲ್ಲಿ ಸ್ವತಂತ್ರ ಸಮಿತಿ 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತೆಂದು ಬಯಲು ಮಾಡಿತು. 2016ರ ಏಪ್ರಿಲ್ 26ರಂದು ಜ್ಯೂರಿ, ಇವು ಕಾನೂನುಬಾಹಿರ ಸಾವುಗಳು, ಅಭಿಮಾನಿಗಳ ನಡವಳಿಕೆ ಇದಕ್ಕೆ ಕಾರಣವಲ್ಲ ಎಂದು ತೀರ್ಪು ಕೊಟ್ಟಿತು. 27 ವರ್ಷ ಹಿಡಿಯಿತು.